ಮನೆಮನೆಗೆ ಬಂದ ವಿಡಿಯೋ: ರೈತರು ತಿಳಿದಿರಬೇಕಾದ ಕೆಲವು ಸಂಗತಿಗಳು

(ಗ್ರಾಮಸೇವಕರಿಂದ)



ಹೋದ ವೈಶಾಖದಲ್ಲಿ ನಮ್ಮ ಬ್ಲಾಕಿನ ಒಂದು ಗ್ರಾಮದಲ್ಲಿ ಬೀಜೋಪಚಾರದ ವಿಷಯವಾಗಿ ಮಾತನಾಡಲು ಸಂಜೆ ಏಳೂವರೆ ಗಂಟೆಗೆ ಸಭೆ ಕರೆದಿದ್ದೆ. ಹಿಂದಿನ ದಿನವೇ ಡಂಗುರ ಹೊಡೆಸಿಯೂ ಆಗಿತ್ತು. ಆದರೆ ದೇವಸ್ಥಾನದ ಕಟ್ಟೆಗೆ ಬಂದವರು ಹನ್ನೊಂದೇ ಮಂದಿ. ಅವರಲ್ಲಿಯೂ ಇಬ್ಬರು ಸಭೆಗೆಂದು ಬಂದವರಲ್ಲ, ಮೊದಲಿನಿಂದಲೇ ಕಟ್ಟೆಯ ಮೇಲೆ ಕುಳಿತಿದ್ದವರು. ಉಳಿದವರೆಲ್ಲಿ ಎಂದು ಕೇಳಲು ಹಿರಿಯರೊಬ್ಬರು ನಕ್ಕು, “ಎಲ್ಲಾರೂ ಮನೇಲೇ ಅದಾರೆ ಸ್ವಾಮಿ. ಸಿನಿಮಾ ನೋಡ್ತಾ ಅದಾರೆ. ಒಬ್ಬೊಬ್ಬರದು ಒಂದೊಂದು ಸಿನಿಮಾ” ಎಂದರು.

ಸಭೆ ಮುಗಿದ ಮೇಲೆ ಅವರ ಜೊತೆಯಲ್ಲಿಯೇ ಬೀದಿಯುದ್ದಕ್ಕೂ ನಡೆದು ಬಂದೆನು. ಮಾತು ನಿಜವಾಗಿತ್ತು. ಮೊದಲನೆಯ ಮನೆಯ ಜಗುಲಿಯಲ್ಲಿ ಅಜ್ಜನೊಬ್ಬನು ಫೋನನ್ನು ಚೊಂಬಿಗೆ ಒರಗಿಸಿಟ್ಟುಕೊಂಡು ಬಯಲಾಟ ನೋಡುತ್ತಿದ್ದನು. ಒಳಗೆ ಮೊಮ್ಮಗನು ಇನ್ನೊಂದು ಫೋನಿನಲ್ಲಿ ಕ್ರಿಕೆಟ್ಟು ನೋಡುತ್ತಿದ್ದನು. ಮೂರನೆಯ ಮನೆಯಲ್ಲಿ ಗೋಡೆಗೆ ತೂಗುಹಾಕಿದ ದೊಡ್ಡ ಟೀವಿಯಲ್ಲಿ ಧಾರಾವಾಹಿ ನಡೆದಿತ್ತು. ಅದು ಡಿಶ್ಶಿನಿಂದಲ್ಲ, ಮಗನ ಫೋನಿನ ಮೂಲಕ ಬರುತ್ತಿತ್ತು. ಬೀದಿಯ ಕೊನೆಯ ಮನೆಯಲ್ಲಿ ಎರಡು ವರ್ಷದ ಕೂಸಿಗೆ ಫೋನು ಹಿಡಿಸಿ ಅನ್ನ ಉಣಿಸುತ್ತಿದ್ದರು. ಬೀದಿಯಲ್ಲಿ ನಾವಿಬ್ಬರೇ. ನಾಯಿಗಳು ಸಹ ಬೊಗಳಲಿಲ್ಲವೆಂದರೆ ಉತ್ಪ್ರೇಕ್ಷೆಯಾದೀತು, ಅವು ಬೊಗಳಿದವು.

ಇದನ್ನು ದೂರಬೇಕೆಂದು ಈ ಲೇಖನವನ್ನು ಬರೆಯುತ್ತಿಲ್ಲ. ನಾನೂ ರಾತ್ರಿ ಊಟವಾದ ಮೇಲೆ ನೋಡುವವನೇ. ಆದರೆ ನಾವು ಹೊಲಕ್ಕೆ ಹೊಸ ತಳಿ ತಂದರೆ ಅದರ ಗುಣವೇನು, ಎಷ್ಟು ನೀರು ಕುಡಿಯುವುದು, ಯಾವ ರೋಗ ತಾಗುವುದು ಎಂದು ವಿಚಾರಿಸುತ್ತೇವೆ. ಮನೆಯೊಳಗೆ ಪ್ರತಿದಿನ ಎರಡು ಮೂರು ಗಂಟೆ ಕಾಲವನ್ನು ಉಣ್ಣುವ ಈ ಹೊಸ ಮನರಂಜನೆಯ ಬಗ್ಗೆಯೂ ಅಷ್ಟು ವಿಚಾರ ಮಾಡುವುದು ನ್ಯಾಯವಲ್ಲವೇ?

ಮೊದಲು ಹೇಗಿತ್ತು

ಹಳ್ಳಿಗೆ ಮನರಂಜನೆ ಬಂದ ಕಥೆಯಲ್ಲಿ ಒಂದು ಸಂಗತಿ ಗಮನಿಸತಕ್ಕದ್ದು. ಅದು ಮೊದಲು ಎಲ್ಲರೂ ಸೇರುವ ಕಡೆಗೆ ಬರುತ್ತಿತ್ತು, ಆಮೇಲೆ ಮನೆಗೆ ಬಂತು, ಈಗ ಒಬ್ಬೊಬ್ಬರ ಅಂಗೈಗೆ ಬಂದಿದೆ.

ಬಯಲಾಟ, ಕೋಲಾಟ, ಭಜನೆ ಇವು ಊರಿನ ಸೊತ್ತು. ಟೂರಿಂಗ್ ಟಾಕೀಸಿನ ಡೇರೆ ಹಾಕಿದಾಗ ಗಾಡಿ ಕಟ್ಟಿಕೊಂಡು ಹೋಗಿ 1972ರ ‘ಬಂಗಾರದ ಮನುಷ್ಯ’ ನೋಡಿದವರು ಇಂದಿಗೂ ನಮ್ಮ ಊರುಗಳಲ್ಲಿದ್ದಾರೆ. ರೇಡಿಯೋ ಸಹ ಮೊದಲು ಪಂಚಾಯಿತಿಯ ಕಟ್ಟಡದಲ್ಲಿಯೇ ಇತ್ತು. 1956ರಲ್ಲಿ ಪುಣೆಯ ಸುತ್ತಿನ ಐದು ಜಿಲ್ಲೆಗಳಲ್ಲಿ ಆಕಾಶವಾಣಿಯು ರೇಡಿಯೋ ಗ್ರಾಮೀಣ ವೇದಿಕೆಗಳನ್ನು ನಡೆಸಿ ನೋಡಿತು. ಊರಿನ ಕೆಲವರು ಒಟ್ಟಿಗೆ ಕುಳಿತು ಕಾರ್ಯಕ್ರಮ ಕೇಳುವುದು, ಅದರ ಮೇಲೆ ಚರ್ಚೆ ಮಾಡುವುದು, ಒಪ್ಪಿದ್ದನ್ನು ಕೈಗೊಳ್ಳುವುದು, ಇದೇ ಅದರ ಕ್ರಮ. 1959ರಿಂದ ಈ ಯೋಜನೆಯನ್ನು ದೇಶದ ಇತರ ಭಾಗಗಳಿಗೂ ವಿಸ್ತರಿಸಿದರು.

ದೂರದರ್ಶನ ದೆಹಲಿಯಲ್ಲಿ 1959ರಲ್ಲಿ ಪ್ರಾರಂಭವಾಯಿತು. 1967ರ ಜನವರಿ 26ರಂದು ‘ಕೃಷಿ ದರ್ಶನ’ ಶುರುವಾದಾಗ ಅದನ್ನು ದೆಹಲಿಯ ಸುತ್ತಲಿನ 80 ಹಳ್ಳಿಗಳಲ್ಲಿ ಜನ ಒಟ್ಟಿಗೆ ಕುಳಿತು ನೋಡುವ ಏರ್ಪಾಟಿತ್ತು. ನಮ್ಮ ನಾಡಿಗೂ ಇಂಥದೊಂದು ಪ್ರಯೋಗ ಬಂದಿತ್ತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ಅಮೆರಿಕದ ಉಪಗ್ರಹವೊಂದರ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ನೇರವಾಗಿ ಟೀವಿ ಕಾರ್ಯಕ್ರಮ ಕಳುಹಿಸಿದರು. ಕರ್ನಾಟಕದಲ್ಲಿ ಅಂದಿನ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಇದರಲ್ಲಿದ್ದವು. ಕೋಳಿಗೂಡಿಗೆ ಹೊದಿಸುವಂಥ ತಂತಿ ಬಲೆಯಿಂದ ಮಾಡಿದ, ಹತ್ತು ಅಡಿ ಅಗಲದ ಕೊಡೆಯಂಥ ಸಲಕರಣೆ ನಿಲ್ಲಿಸಿ, ಊರಿಗೊಂದೇ ಟೀವಿ ಇಟ್ಟು ಇಡೀ ಊರು ನೋಡಿತು.

ಆಮೇಲೆ ಟೀವಿ ಮನೆಗಳಿಗೆ ಬಂತು. 1987ರ ಜನವರಿಯಿಂದ ಭಾನುವಾರ ಬೆಳಗ್ಗೆ ‘ರಾಮಾಯಣ’ ಬರುತ್ತಿದ್ದಾಗ ಒಂದು ಟೀವಿ ಇದ್ದ ಮನೆಯಲ್ಲಿ ಐವತ್ತು ಜನ ಕೂಡುತ್ತಿದ್ದರೆಂದು ನಮ್ಮ ತಂದೆಯವರು ಹೇಳುತ್ತಾರೆ. ನಂತರ ಕೇಬಲ್ಲು, ಡಿಶ್ಶು. ಇವೆಲ್ಲವುಗಳಲ್ಲಿ ಒಂದು ಸಾಮಾನ್ಯ ಗುಣವಿತ್ತು: ಕಳುಹಿಸುವವನು ಕಳುಹಿಸಿದಾಗ ನಾವು ನೋಡಬೇಕು. ಎಂಟು ಗಂಟೆಯ ಆಟ ಎಂಟು ಗಂಟೆಗೇ.

ಅಂತರಜಾಲದ ವಿಡಿಯೋ ಈ ಕಟ್ಟನ್ನು ಬಿಡಿಸಿತು. ಯೂಟ್ಯೂಬಿಗೆ ಮೊದಲನೆಯ ವಿಡಿಯೋ ಏರಿದ್ದು 2005ರ ಏಪ್ರಿಲ್ 23ರಂದು. ಅದನ್ನು ಸ್ಥಾಪಿಸಿದ ಮೂವರಲ್ಲಿ ಒಬ್ಬನಾದ ಜಾವೇದ್ ಕರೀಮ್ ಅಮೆರಿಕದ ಒಂದು ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು ಮಾತನಾಡಿದ 19 ಸೆಕೆಂಡಿನ ಚಿತ್ರವದು; ಅವನು ಹೇಳಿದ್ದು ಆನೆಗೆ ಸೊಂಡಿಲು ಬಹಳ ಉದ್ದ ಎಂದಷ್ಟೇ. ಮರುವರ್ಷವೇ ಗೂಗಲ್ ಕಂಪನಿ ಅದನ್ನು ಕೊಂಡುಕೊಂಡಿತು. ಆದರೆ ನಮ್ಮ ಹಳ್ಳಿಗಳ ಮಟ್ಟಿಗೆ ನಿಜವಾದ ತಿರುವು 2016ರ ಸೆಪ್ಟೆಂಬರ್ 5. ಅಂದು ಜಿಯೋ ಕಂಪನಿ ತನ್ನ ಸೇವೆ ಪ್ರಾರಂಭಿಸಿ ಕೆಲವು ತಿಂಗಳು ಡೇಟಾವನ್ನು ಪುಕ್ಕಟೆ ಕೊಟ್ಟಿತು. ಇತರ ಕಂಪನಿಗಳೂ ದರ ಇಳಿಸಬೇಕಾಯಿತು. ಅದಕ್ಕೆ ಮುಂಚೆ ಒಂದು ಜೀಬಿಗೆ ನೂರಾರು ರೂಪಾಯಿ ಇದ್ದುದು ಬೇಗನೆ ಹತ್ತಿಪ್ಪತ್ತು ರೂಪಾಯಿಯೊಳಕ್ಕೆ ಬಂತು. 2020ರಲ್ಲಿ ಕೊರೋನಾ ಕಾಲಕ್ಕೆ ಜಾತ್ರೆ, ಸಂತೆ, ಶಾಲೆ ಎಲ್ಲವೂ ನಿಂತಾಗ ಫೋನೊಂದೇ ಉಳಿಯಿತು. ಅದೇ ವರ್ಷದ ಜೂನ್ 29ರಂದು ಸರ್ಕಾರ ಟಿಕ್‌ಟಾಕನ್ನು ನಿಷೇಧಿಸಿತು. ಆದರೆ ಆ ಬಗೆಯ ಅರ್ಧ ನಿಮಿಷದ ತುಂಡು ಚಿತ್ರಗಳ ರುಚಿ ಹೋಗಲಿಲ್ಲ. ಕೆಲವೇ ವಾರಗಳಲ್ಲಿ ರೀಲ್ಸ್, ಶಾರ್ಟ್ಸ್ ಎಂಬ ಹೆಸರಿನಲ್ಲಿ ಬೇರೆ ಅಂಗಡಿಗಳಲ್ಲಿ ಅದೇ ಮಾಲು ಸಿಗತೊಡಗಿತು.

ಚಿತ್ರವು ಫೋನಿಗೆ ಬರುವ ಬಗೆ

“ಗಾಳಿಯಲ್ಲಿ ಸಿನಿಮಾ ಹೆಂಗೆ ಬರ್ತದೆ?” ಎಂದು ಬೀದಿಯಲ್ಲಿ ನಡೆಯುವಾಗ ಆ ಹಿರಿಯರು ಕೇಳಿದರು. ಒಳ್ಳೆಯ ಪ್ರಶ್ನೆ. ನಾಲೆಯ ನೀರನ್ನು ಬಲ್ಲವರಿಗೆ ಇದು ಕಷ್ಟದ ಪಾಠವಲ್ಲ.

ಚಲಿಸುವ ಚಿತ್ರವೆಂದರೆ ಒಂದು ಸೆಕೆಂಡಿಗೆ 25 ಅಥವಾ 30 ನಿಶ್ಚಲ ಚಿತ್ರಗಳು. ಅಷ್ಟನ್ನೂ ಪೂರ್ತಿಯಾಗಿ ಕಳುಹಿಸುವುದಾದರೆ ಯಾವ ಟವರೂ ತಾಳದು. ಆದುದರಿಂದ ಒಂದು ಉಪಾಯ ಮಾಡಿದ್ದಾರೆ. ಹೊಲದಲ್ಲಿ ಎತ್ತು ನಡೆಯುವ ಚಿತ್ರವಿದೆಯೆನ್ನಿ. ಹೊಲ, ಬದು, ಆಕಾಶ ಕದಲುವುದಿಲ್ಲ. ಎತ್ತು ಮಾತ್ರ ಕದಲುತ್ತದೆ. ಹೊಲದ ಚಿತ್ರವನ್ನು ಒಂದು ಸಲ ಕಳುಹಿಸಿ, ಮುಂದೆ ಎತ್ತು ಎಷ್ಟು ಸರಿಯಿತು ಎಂಬುದನ್ನಷ್ಟೇ ಕಳುಹಿಸುತ್ತಾರೆ. ಹೀಗೆ ಹೊರೆ ಬಹಳ ಕಡಿಮೆಯಾಗುತ್ತದೆ. ಕ್ರಿಕೆಟ್ಟು, ಕುಣಿತ ಮುಂತಾದವುಗಳಲ್ಲಿ ಎಲ್ಲವೂ ಕದಲುವುದರಿಂದ ಡೇಟಾ ಹೆಚ್ಚು ಬೇಕು. ಹರಿಕಥೆಗೆ ಕಡಿಮೆ ಸಾಕು.

ಇನ್ನೊಂದು ಉಪಾಯ. ಒಂದೇ ವಿಡಿಯೋವನ್ನು ಐದಾರು ಗಾತ್ರಗಳಲ್ಲಿ ಸಿದ್ಧಮಾಡಿಟ್ಟಿರುತ್ತಾರೆ: 144, 240, 360, 480, 720, 1080 ಎಂದು ನೀವು ಫೋನಿನಲ್ಲಿ ನೋಡಿರುವ ಸಂಖ್ಯೆಗಳು ಇವೇ. ಪ್ರತಿಯೊಂದನ್ನೂ ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿರುತ್ತಾರೆ. ನಿಮ್ಮ ಫೋನು ಒಂದೊಂದೇ ತುಂಡನ್ನು ತರಿಸಿ ಮುಂದಾಗಿಯೇ ಸ್ವಲ್ಪ ಸಂಗ್ರಹ ಮಾಡಿಕೊಳ್ಳುತ್ತದೆ, ನೀವು ತೊಟ್ಟಿಗೆ ನೀರು ತುಂಬಿಸಿಟ್ಟು ಅಲ್ಲಿಂದ ಗಿಡಕ್ಕೆ ಬಿಡುವಂತೆ. ಬರುವ ನೀರು ಸಣ್ಣದಾದರೆ ಫೋನು ತಾನಾಗಿ ಚಿಕ್ಕ ಗಾತ್ರದ ತುಂಡು ಕೇಳುತ್ತದೆ, ಚಿತ್ರ ಮಬ್ಬಾಗುತ್ತದೆ. ತೊಟ್ಟಿ ಪೂರ್ತಿ ಬರಿದಾದರೆ ಚಿತ್ರ ನಿಂತು ನಡುವೆ ಒಂದು ಚಕ್ರ ತಿರುಗತೊಡಗುತ್ತದೆ. ಫೋನು ಕೆಟ್ಟಿತೆಂದು ಆಗ ಅದನ್ನು ಬಡಿಯುವುದರಿಂದ ಪ್ರಯೋಜನವಿಲ್ಲ.

ಸಂಜೆ ಏಳರಿಂದ ಹತ್ತರವರೆಗೆ ಚಿತ್ರ ನಿಲ್ಲುವುದು ಹೆಚ್ಚು. ಏಕೆಂದರೆ ಒಂದು ಟವರು ಒಂದು ಉಪಕಾಲುವೆ ಇದ್ದಂತೆ. ಸುತ್ತಲಿನ ಎಲ್ಲ ಫೋನುಗಳಿಗೂ ಅದೇ ನೀರು. ಎಲ್ಲರೂ ಒಟ್ಟಿಗೆ ತೂಬು ಎತ್ತಿದರೆ ಭದ್ರಾ ನಾಲೆಯ ಕೊನೆಯ ಭಾಗದ ರೈತರಿಗೆ ಆಗುವ ಗತಿಯೇ ಟವರಿನಿಂದ ದೂರವಿರುವ ಮನೆಗೂ ಆಗುತ್ತದೆ. ಬೆಳಗಿನ ಐದು ಗಂಟೆಗೆ ಅದೇ ಟವರು ಧಾರಾಳವಾಗಿ ಕೊಡುತ್ತದೆ. ನೋಡಬೇಕೆಂದಿರುವ ವಿಡಿಯೋವನ್ನು ಆ ಹೊತ್ತಿನಲ್ಲಿ ಫೋನಿಗೆ ಇಳಿಸಿಟ್ಟುಕೊಂಡರೆ ಸಂಜೆ ಚಕ್ರ ನೋಡುತ್ತ ಕೂರುವ ತಾಪತ್ರಯ ತಪ್ಪುತ್ತದೆ. ಅನೇಕ ವಿಡಿಯೋಗಳ ಕೆಳಗೆ ಇಳಿಸಿಕೊಳ್ಳುವ ಬಾಣದ ಗುರುತು ಇರುತ್ತದೆ.

ಖರ್ಚಿನ ಲೆಕ್ಕ

ದಿನಕ್ಕೆ ಒಂದೂವರೆ ಜೀಬಿ ಸಿಗುವ ರೀಚಾರ್ಜನ್ನು ನಮ್ಮಲ್ಲಿ ಬಹಳ ಮಂದಿ ಹಾಕಿಸುತ್ತಾರೆ. ಇದು ಎಷ್ಟು ಹೊತ್ತಿಗೆ ಬರುವುದೆಂಬುದು ಚಿತ್ರದ ಗಾತ್ರದ ಮೇಲೆ ನಿಂತಿದೆ. ಸ್ಥೂಲವಾಗಿ ಹೇಳುವುದಾದರೆ 480ರ ಗಾತ್ರದಲ್ಲಿ ಗಂಟೆಗೆ ಅರ್ಧ ಜೀಬಿಯಷ್ಟು ಹೋಗುತ್ತದೆ. ಆದುದರಿಂದ ಮೂರು ಗಂಟೆ ನೋಡಬಹುದು. 720ರಲ್ಲಿ ಗಂಟೆಗೆ ಒಂದು ಜೀಬಿ ಅಥವಾ ಸ್ವಲ್ಪ ಹೆಚ್ಚು. ಒಂದೂವರೆ ಗಂಟೆಯೊಳಗೆ ಮುಗಿಯಿತು. 1080ರಲ್ಲಿ ಒಂದು ಗಂಟೆಯೂ ಬರುವುದು ಅನುಮಾನ. 144ರಲ್ಲಿ ಇಡೀ ದಿನ ನೋಡಿದರೂ ತೀರದು, ಆದರೆ ಮುಖ ಯಾರದೆಂದು ತಿಳಿಯದು. ಅಂಗೈ ಅಗಲದ ಫೋನಿನಲ್ಲಿ 360 ಸಾಕು. ಹಾಡು ಕೇಳುವುದಕ್ಕೆ ಮಾತ್ರವಾದರೆ 144 ಇಟ್ಟುಕೊಳ್ಳಿ.

ಟೀವಿಗೆ ಫೋನಿನಿಂದ ಡೇಟಾ ಕೊಡುವ ಮನೆಯವರು ವಿಶೇಷವಾಗಿ ಎಚ್ಚರವಾಗಿರಬೇಕು. ಟೀವಿಯ ಪರದೆ ದೊಡ್ಡದಾದ್ದರಿಂದ ಅದು ತಾನಾಗಿ ದೊಡ್ಡ ಗಾತ್ರವನ್ನೇ ಕೇಳುತ್ತದೆ. ಸಿನಿಮಾ ಅರ್ಧಕ್ಕೆ ಬಂದಾಗ ಡೇಟಾ ಮುಗಿದು, ಹೆಚ್ಚಿನ ರೀಚಾರ್ಜು ಹಾಕಿಸಿ ಉಳಿದರ್ಧ ನೋಡಿದ ಮನೆಗಳು ನನಗೆ ಗೊತ್ತು. ಟೀವಿಯಲ್ಲಿಯೂ ಗಾತ್ರವನ್ನು ಕೈಯಾರೆ 480ಕ್ಕೆ ಇಳಿಸಬಹುದು.

ಇನ್ನೊಂದು ಲೆಕ್ಕ ರೂಪಾಯಿಯದಲ್ಲ, ನಿದ್ರೆಯದು. ರಾತ್ರಿ ಹನ್ನೆರಡರವರೆಗೆ ನೋಡಿದವನು ಬೆಳಗ್ಗೆ ಐದೂವರೆಗೆ ಏಳಲಾರ. ಹಸುವಿಗೆ ದಿನವೂ ಒಂದೇ ಹೊತ್ತಿಗೆ ಕರೆಯುವ ರೂಢಿ ಬೇಕು. ಒಂದು ದಿನ ಐದೂವರೆಗೆ, ಇನ್ನೊಂದು ದಿನ ಏಳಕ್ಕೆ ಕರೆದರೆ ಹಾಲು ಇಳಿಯುತ್ತದೆ, ಡೇರಿಯೂ ಮುಚ್ಚಿರುತ್ತದೆ. ರಾತ್ರಿ ಪಾಳಿಯಲ್ಲಿ ಕರೆಂಟು ಬಂದಾಗ ಕಿವಿಗೆ ತಂತಿ ಸಿಕ್ಕಿಸಿಕೊಂಡು ಬದುವಿನ ಮೇಲೆ ನಡೆಯುವ ಹುಡುಗರನ್ನೂ ನೋಡಿದ್ದೇನೆ. ಹಾವು ಬುಸುಗುಟ್ಟಿದರೂ ಕೇಳಿಸದು. ಹೊಲದಲ್ಲಿ ಕಿವಿ ಬಿಚ್ಚಿರಲಿ.

ಪುಕ್ಕಟೆ ತೋರಿಸುವವರಿಗೆ ಏನು ಲಾಭ?

ಇದನ್ನು ತಿಳಿದುಕೊಂಡರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ಯೂಟ್ಯೂಬಿನಲ್ಲಿ ವಿಡಿಯೋ ನೋಡಲು ನಾವು ಟಿಕೇಟು ಕೊಡುವುದಿಲ್ಲ. ಹಣ ಬರುವುದು ಜಾಹೀರಾತಿನಿಂದ. ಉದ್ದದ ವಿಡಿಯೋದ ಜೊತೆ ಬರುವ ಜಾಹೀರಾತಿನ ಆದಾಯ ನೂರು ರೂಪಾಯಿ ಎಂದರೆ ಅದರಲ್ಲಿ 55 ರೂಪಾಯಿ ವಿಡಿಯೋ ಮಾಡಿದವರಿಗೆ, ಉಳಿದದ್ದು ಕಂಪನಿಗೆ. ಈ ಪಾಲು ಸಿಗಬೇಕಾದರೆ ಆ ವಿಡಿಯೋಗಾರನಿಗೆ ಕನಿಷ್ಠ 1,000 ಮಂದಿ ಚಂದಾದಾರರಿರಬೇಕು ಮತ್ತು ಒಂದು ವರ್ಷದಲ್ಲಿ ಜನ ಅವನ ವಿಡಿಯೋಗಳನ್ನು ಒಟ್ಟು 4,000 ಗಂಟೆ ನೋಡಿರಬೇಕು. ತುಂಡು ವಿಡಿಯೋಗಳಿಗೆ ಲೆಕ್ಕ ಬೇರೆ. “ಬೆಲ್ ಒತ್ತಿರಿ, ಕೊನೆಯವರೆಗೂ ನೋಡಿರಿ” ಎಂದು ಅವರು ಗೋಗರೆಯುವುದು ಇದಕ್ಕೇ.

ಕಂಪನಿಯ ಹಿತವೂ ನಾವು ಹೆಚ್ಚು ಹೊತ್ತು ನೋಡುವುದರಲ್ಲಿಯೇ ಇದೆ. 2012ರಲ್ಲಿ ಯೂಟ್ಯೂಬು ತನ್ನ ಪದ್ಧತಿ ಬದಲಾಯಿಸಿ, ಎಷ್ಟು ಜನ ಒತ್ತಿದರು ಎನ್ನುವುದಕ್ಕಿಂತ ಎಷ್ಟು ಹೊತ್ತು ನೋಡಿದರು ಎನ್ನುವುದಕ್ಕೆ ಬೆಲೆ ಕೊಡತೊಡಗಿತು. ನೀವು ಯಾವುದರ ಮುಂದೆ ನಿಲ್ಲುತ್ತೀರಿ, ಯಾವುದನ್ನು ಅರ್ಧಕ್ಕೆ ಬಿಡುತ್ತೀರಿ ಎಂಬುದನ್ನು ಯಂತ್ರ ಲೆಕ್ಕವಿಡುತ್ತದೆ. ದನ ಒಂದು ದಿನ ತುಳಿದ ಹುಲ್ಲಿನಲ್ಲಿ ಮರುದಿನ ಕಾಲುದಾರಿ, ಎಂಟು ದಿನಕ್ಕೆ ಬಂಡಿದಾರಿ ಆಗುವಂತೆ, ಒಂದು ಜಗಳದ ವಿಡಿಯೋ ಪೂರ್ತಿ ನೋಡಿದವನಿಗೆ ಮರುದಿನ ಹತ್ತು ಜಗಳಗಳು ಬಂದು ನಿಲ್ಲುತ್ತವೆ. ಆಗ ಅವನು ಲೋಕವೆಲ್ಲ ಜಗಳವೆಂದು ತಿಳಿಯುತ್ತಾನೆ. ಪಕ್ಕದ ಮನೆಯ ಅಜ್ಜನ ಫೋನಿನಲ್ಲಿ ಅದೇ ಯಂತ್ರ ಬರಿಯ ಬಯಲಾಟ ತೋರಿಸುತ್ತದೆ.

ಈ ದಾರಿಯನ್ನು ತಿರುಗಿಸುವುದು ನಮ್ಮ ಕೈಯಲ್ಲಿಯೂ ಇದೆ. ಬೇಡದ ವಿಡಿಯೋದ ಪಕ್ಕದ ಮೂರು ಚುಕ್ಕೆ ಒತ್ತಿದರೆ ‘ಆಸಕ್ತಿ ಇಲ್ಲ’ ಎಂದು ಹೇಳುವ ಅವಕಾಶವುಂಟು. ಒಂದು ಮುಗಿದೊಡನೆ ಇನ್ನೊಂದು ತಾನಾಗಿ ಶುರುವಾಗುವುದಕ್ಕೆ ಆಟೊಪ್ಲೇ ಎಂದು ಹೆಸರು, ಅದನ್ನು ಆರಿಸಿಡಿ. ಮುಂದಿನದನ್ನು ನೋಡಬೇಕೋ ಬೇಡವೋ ಎಂದು ಯೋಚಿಸಲು ಆ ಒಂದು ಗಳಿಗೆ ಸಿಕ್ಕರೂ ಅರ್ಧಕ್ಕರ್ಧ ಮಂದಿ ಎದ್ದು ಮಲಗುವರೆಂದು ನನ್ನ ನಂಬಿಕೆ. ನಾನಂತೂ ಮಲಗಿದ್ದೇನೆ.

ಮಕ್ಕಳು, ಹೆಂಗಸರು

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರುವುದೇನೆಂದರೆ, ಎರಡು ವರ್ಷದೊಳಗಿನ ಕೂಸುಗಳಿಗೆ ಪರದೆ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ, ಕಡಿಮೆಯಾದಷ್ಟೂ ಒಳ್ಳೆಯದು. ಉಣ್ಣುವಾಗ ಫೋನು ಹಿಡಿಸಿದ ಕೂಸು ಹೊಟ್ಟೆ ತುಂಬಿತೋ ಇಲ್ಲವೋ ಎಂಬುದನ್ನು ತಾನೇ ಅರಿಯದಂತಾಗುತ್ತದೆ. ಚಂದ್ರನನ್ನು ತೋರಿಸಿ ಉಣಿಸುತ್ತಿದ್ದ ಅಜ್ಜಿಯರು ಮನೆಯಲ್ಲಿದ್ದರೆ ಆ ಕೆಲಸ ಅವರಿಗೆ ಬಿಡಿ.

ಹೆಂಗಸರ ವಿಷಯದಲ್ಲಿ ನನ್ನ ದೂರು ಬೇರೆ ತೆರನಾದುದು. ಅನೇಕ ಮನೆಗಳಲ್ಲಿ ಒಳ್ಳೆಯ ಫೋನು ಯಜಮಾನನ ಜೇಬಿನಲ್ಲಿರುತ್ತದೆ. ಮನೆಯಾಕೆಗೆ ಅದು ಸಿಗುವುದು ಪಾತ್ರೆ ತೊಳೆದು ಮುಗಿದ ಮೇಲೆ, ಡೇಟಾ ಮುಗಿದ ಮೇಲೆ. ಆಕೆ ಒಂದು ಗಳಿಗೆ ನಗುವ ವಿಡಿಯೋ ನೋಡಿದರೆ ‘ಫೋನು ಹಾಳುಮಾಡುತ್ತಾಳೆ’ ಎನ್ನುವ ಯಜಮಾನನು ತಾನು ಇಡೀ ಪಂದ್ಯ ನೋಡಿರುತ್ತಾನೆ. ನಮ್ಮ ಬ್ಲಾಕಿನ ಒಂದು ಮಹಿಳಾ ಮಂಡಲದ ಸದಸ್ಯೆಯರು ವಿಡಿಯೋ ನೋಡಿಯೇ ಕಸೂತಿಯ ಎರಡು ಹೊಸ ಹೊಲಿಗೆ ಕಲಿತು, ಹಬ್ಬಕ್ಕೆ ರವಿಕೆ ಹೊಲಿದುಕೊಟ್ಟು ಹಣ ಪಡೆದರು. ಇದನ್ನು ಯಾವ ಗ್ರಾಮಸೇವಕನೂ ಕಲಿಸಿರಲಿಲ್ಲ.

ಮನರಂಜನೆಯಂತೆ ಕಾಣುವ ಕೃಷಿ ಪಾಠ: ನನ್ನಿಂದಾದ ತಪ್ಪು

ಈಗ ನಾನು ಹೇಳಲೇಬೇಕಾದ ವಿಷಯಕ್ಕೆ ಬರುತ್ತೇನೆ. ಸಂಜೆಯ ಮನರಂಜನೆಯಲ್ಲಿ ಹಾಡು, ಹಾಸ್ಯಗಳ ನಡುವೆ ಕೃಷಿಯ ವಿಡಿಯೋಗಳೂ ಬರುತ್ತವೆ. ಅವನ್ನೂ ನಾವು ಸಿನಿಮಾ ನೋಡಿದ ಹಾಗೆಯೇ, ಒರಗಿಕೊಂಡು, ಅರ್ಧ ಕಣ್ಣಿನಲ್ಲಿ ನೋಡುತ್ತೇವೆ. ಸಿನಿಮಾದಲ್ಲಿ ಅರ್ಧ ತಿಳಿದರೆ ನಷ್ಟವಿಲ್ಲ. ಕೃಷಿಯಲ್ಲಿ ಹಾಗಲ್ಲ.

ಎರಡು ವರ್ಷದ ಕೆಳಗೆ ಮುಂಗಾರು ಹಂಗಾಮಿನಲ್ಲಿ, ಮೆಕ್ಕೆಜೋಳದ ಕಳೆ ನಿವಾರಣೆಯ ಬಗ್ಗೆ ಒಂದು ವಿಡಿಯೋ ನನ್ನ ಕಣ್ಣಿಗೆ ಬಿತ್ತು. ಚಿತ್ರ ಸ್ವಚ್ಛವಾಗಿತ್ತು, ಮಾತು ಚೆನ್ನಾಗಿತ್ತು. ಬಿತ್ತಿದ ಎರಡು ಮೂರು ದಿನಗಳೊಳಗೆ ಅಟ್ರಾಜಿನ್ ಎಂಬ ಕಳೆನಾಶಕ ಹೊಡೆದರೆ ಕಳೆ ಮೇಲೇಳದೆಂದು ತೋರಿಸಿದ್ದರು. ಅದು ಸುಳ್ಳಲ್ಲ, ನಾನು ಡಿಪ್ಲೊಮಾ ಓದುವಾಗ ಕಲಿತದ್ದೂ ಅದೇ. ರಾತ್ರಿ ಹತ್ತು ಗಂಟೆಗೆ ಅದನ್ನು ಅರ್ಧ ನೋಡಿ, ಒಳ್ಳೆಯದಿದೆಯೆಂದು ಊರಿನ ವಾಟ್ಸಾಪ್ ಗುಂಪಿಗೆ ಕಳುಹಿಸಿ ಮಲಗಿದೆ.

ಮೂರು ವಾರದ ಮೇಲೆ ಒಬ್ಬ ರೈತರು ನನ್ನನ್ನು ಹೊಲಕ್ಕೆ ಕರೆದರು. ಎರಡು ಎಕರೆ ಮೆಕ್ಕೆಜೋಳ ಹಸುರಾಗಿ ನಿಂತಿತ್ತು, ಕಳೆಯೂ ಇರಲಿಲ್ಲ. ಆದರೆ ಅದರ ನಡುವೆ ಅಕ್ಕಡಿ ಸಾಲಿನಲ್ಲಿ ಬಿತ್ತಿದ್ದ ತೊಗರಿಯ ಎಲೆಗಳು ಅಂಚಿನಿಂದ ಹಳದಿಯಾಗಿ ಒಣಗುತ್ತಿದ್ದವು. ಅಟ್ರಾಜಿನ್ ಮೆಕ್ಕೆಜೋಳಕ್ಕೆ ಹಾನಿ ಮಾಡದು, ತೊಗರಿ ಅವರೆಯಂಥ ದ್ವಿದಳ ಬೆಳೆಗಳನ್ನು ಕೊಲ್ಲುತ್ತದೆ. ವಿಡಿಯೋ ಮಾಡಿದವರ ಸೀಮೆಯಲ್ಲಿ ಮೆಕ್ಕೆಜೋಳವನ್ನು ಒಂಟಿ ಬೆಳೆಯಾಗಿ ಬೆಳೆಯುತ್ತಾರೆ. ಅವರಿಗೆ ಅಕ್ಕಡಿಯ ಮಾತು ಎತ್ತುವ ಅಗತ್ಯ ಬಿದ್ದಿರಲಿಲ್ಲ. ನಮ್ಮಲ್ಲಿ ಅದು ಮನೆಯ ವರ್ಷದ ಬೇಳೆ. ಮತ್ತೆ ಬಿತ್ತೋಣವೆಂದರೆ ಆ ಔಷಧಿಯ ಕಸುವು ಮಣ್ಣಿನಲ್ಲಿ ವಾರಗಟ್ಟಲೆ ಉಳಿಯುವುದರಿಂದ ಆ ಹಂಗಾಮಿಗೆ ತೊಗರಿಯ ಆಸೆ ಬಿಡಬೇಕಾಯಿತು.

“ನೀವು ಕಳಿಸಿದ್ರಲ್ಲ ಸ್ವಾಮಿ, ಅದಕ್ಕೇ ಹೊಡೆದೆ” ಎಂದರು ಅವರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರ ಹೆಂಡತಿ ನನಗೆ ಮಜ್ಜಿಗೆ ತಂದುಕೊಟ್ಟು, ಈ ವರ್ಷ ಬೇಳೆ ಅಂಗಡಿಯಿಂದ ತರಬೇಕಲ್ಲ ಎಂದಷ್ಟೇ ಅಂದರು. ತಪ್ಪು ವಿಡಿಯೋದ್ದಲ್ಲ, ರೈತರದೂ ಅಲ್ಲ. ಪೂರ್ತಿ ನೋಡದೆ, ನಮ್ಮ ಹೊಲಕ್ಕೆ ಹೊಂದುವುದೋ ಎಂದು ಯೋಚಿಸದೆ ಕಳುಹಿಸಿದ್ದು ನಾನು. ಪೆಂಡಿಮೆಥಾಲಿನ್ ಎಂಬ ಬೇರೆ ಕಳೆನಾಶಕವು ಮೆಕ್ಕೆಜೋಳ, ತೊಗರಿ ಎರಡಕ್ಕೂ ಹೊಂದುತ್ತದೆಂಬುದು ನನಗೆ ಗೊತ್ತಿದ್ದೂ ಆ ಎರಡು ಸಾಲು ಬರೆಯುವಷ್ಟು ತಾಳ್ಮೆ ಅಂದು ಇರಲಿಲ್ಲ.

ಅಂದಿನಿಂದ ನಾನು ಇಟ್ಟುಕೊಂಡಿರುವ ಪದ್ಧತಿಯನ್ನು ಹೇಳುತ್ತೇನೆ. ಕೃಷಿಯ ವಿಡಿಯೋವನ್ನು ಹಗಲಿನಲ್ಲಿ, ಕೂತು, ಕೈಯಲ್ಲಿ ಪೆನ್ಸಿಲು ಹಿಡಿದು ನೋಡುತ್ತೇನೆ. ಅದು ಯಾವ ಊರಿನದು, ಯಾವ ಮಣ್ಣು, ನೀರಾವರಿಯೋ ಮಳೆಯಾಶ್ರಯವೋ, ಜೊತೆಬೆಳೆ ಇದೆಯೋ ಎಂದು ಮೊದಲು ನೋಡಬೇಕು. ಔಷಧಿಯ ಪ್ರಮಾಣ ಹೇಳಿದಾಗ ಅದು ಒಂದು ಲೀಟರ್ ನೀರಿಗೋ, ಒಂದು ಟ್ಯಾಂಕಿಗೋ, ಒಂದು ಎಕರೆಗೋ ಎಂಬುದು ಸ್ಪಷ್ಟವಿರಬೇಕು. ಇಲ್ಲವಾದರೆ ಆ ವಿಡಿಯೋವನ್ನು ಅಲ್ಲಿಗೇ ಬಿಡತಕ್ಕದ್ದು. ಹೇಳುವವನು ಕೊನೆಗೆ ತನ್ನದೇ ಡಬ್ಬಿ ಮಾರುತ್ತಾನೆಯೇ? ವಿಡಿಯೋ ಯಾವ ವರ್ಷದ್ದು? 2018ರಲ್ಲಿ ನಮ್ಮ ಶಿವಮೊಗ್ಗದ ಕಡೆ ಮೊದಲು ಕಂಡ ಮೆಕ್ಕೆಜೋಳದ ಸೈನಿಕ ಹುಳುವಿನ ಬಗ್ಗೆ ಅದಕ್ಕಿಂತ ಹಳೆಯ ವಿಡಿಯೋ ಏನು ಹೇಳೀತು? ಹೆಬ್ಬೆಟ್ಟು ಕೆಳಗೆ ಮಾಡಿದವರ ಸಂಖ್ಯೆಯನ್ನು ಯೂಟ್ಯೂಬು 2021ರ ನವೆಂಬರಿನಿಂದ ಮರೆಮಾಡಿರುವುದರಿಂದ, ಎಷ್ಟು ಜನಕ್ಕೆ ಮೋಸವಾಯಿತೆಂದು ನೋಡಿ ತಿಳಿಯುವಂತೆಯೂ ಇಲ್ಲ. ಕೆಳಗೆ ರೈತರು ಬರೆದಿರುವ ಮಾತುಗಳನ್ನಾದರೂ ಓದಿರಿ. ಆಳೆತ್ತರದ ಬದನೆಕಾಯಿ, ಗಿಡಕ್ಕೊಂದು ಬುಟ್ಟಿ ದಾಳಿಂಬೆ ಇಂಥವು ಕಂಡರೆ ನಕ್ಕು ಮುಂದೆ ಹೋಗಿ. ಇಲ್ಲದ ಗಿಡವನ್ನು ಯಂತ್ರವೇ ಚಿತ್ರಿಸಿಕೊಡುವ ಕಾಲ ಬಂದಿದೆ.

ಅನುಮಾನ ಬಂದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಇಲ್ಲವೇ ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಬೆಳಗ್ಗೆ ಆರರಿಂದ ರಾತ್ರಿ ಹತ್ತರೊಳಗೆ ಫೋನು ಮಾಡಿ. ಕನ್ನಡದಲ್ಲಿಯೇ ಉತ್ತರ ಕೊಡುತ್ತಾರೆ, ಕರೆಗೆ ಹಣವಿಲ್ಲ.

ಒಟ್ಟಿಗೆ ನೋಡುವುದು

2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಡಿಜಿಟಲ್ ಗ್ರೀನ್ ಎಂಬ ಪ್ರಯೋಗ ಶುರುವಾಯಿತು. ಅದರಲ್ಲಿ ಹೊಸ ಯಂತ್ರವೇನೂ ಇರಲಿಲ್ಲ. ಆಯಾ ಸೀಮೆಯ ರೈತರನ್ನೇ ನಿಲ್ಲಿಸಿ ಸಣ್ಣ ವಿಡಿಯೋ ತೆಗೆಯುವುದು, ಅದನ್ನು ಊರಿನವರ ಗುಂಪಿಗೆ ತೋರಿಸುವುದು, ತೋರಿಸುವಾಗ ಊರಿನವನೇ ಒಬ್ಬನು ನಡುನಡುವೆ ನಿಲ್ಲಿಸಿ ‘ಇದು ನಮ್ಮಲ್ಲಿ ಆಗುತ್ತದೆಯೇ?’ ಎಂದು ಕೇಳುವುದು. ಹೀಗೆ ತೋರಿಸಿದ ಊರುಗಳಲ್ಲಿ ಹೊಸ ಪದ್ಧತಿಗಳನ್ನು ಕೈಗೊಂಡವರು ಬರಿಯ ಭೇಟಿ ಪದ್ಧತಿಯ ಊರುಗಳಿಗಿಂತ ಬಹಳ ಹೆಚ್ಚಾಗಿದ್ದರು. ಪುಣೆಯ ರೇಡಿಯೋ ವೇದಿಕೆಯ ಕ್ರಮವೇ ಐವತ್ತು ವರ್ಷದ ಮೇಲೆ ಚಿತ್ರದೊಡನೆ ಮರಳಿ ಬಂದಂತಾಯಿತು. ತೊಗರಿಯ ವಿಷಯವನ್ನೇ ನೋಡಿ. ಆ ವಿಡಿಯೋವನ್ನು ಹತ್ತು ಜನ ಒಟ್ಟಿಗೆ ನೋಡಿದ್ದರೆ ಒಬ್ಬರಾದರೂ “ಅಕ್ಕಡಿಗೆ ಏನಾಗ್ತದೆ?” ಎಂದು ಕೇಳದೆ ಇರುತ್ತಿದ್ದರೇ? ಒಬ್ಬೊಬ್ಬರೇ ನೋಡಿದ್ದರಿಂದ ಕೇಳುವವರೇ ಇರಲಿಲ್ಲ.

ಆದುದರಿಂದ ನಮ್ಮ ಯುವಕ ಮಂಡಲದವರು ಒಂದು ಏರ್ಪಾಟು ಮಾಡಿದ್ದಾರೆ. ಪ್ರತಿ ಶನಿವಾರ ಸಂಜೆ ಏಳು ಗಂಟೆಗೆ ಪಂಚಾಯಿತಿಯ ಟೀವಿಯಲ್ಲಿ ಬೆಳಗ್ಗೆಯೇ ಇಳಿಸಿಟ್ಟುಕೊಂಡ ವಿಡಿಯೋಗಳನ್ನು ತೋರಿಸುತ್ತಾರೆ. ಮೊದಲು ಅರ್ಧ ಗಂಟೆ ಕೃಷಿ, ನಡುವೆ ನಿಲ್ಲಿಸಿ ಚರ್ಚೆ, ಆಮೇಲೆ ಬಯಲಾಟವೋ ಹಳೆಯ ಸಿನಿಮಾವೋ ನೀವು ಕೇಳಿದ್ದು. ಮೊದಲ ವಾರ ಹದಿನಾಲ್ಕು ಮಂದಿ ಬಂದರು, ಹೋದ ವಾರ ನಲವತ್ತರ ಮೇಲಾಯಿತು. ಸಿನಿಮಾಕ್ಕಾಗಿಯೇ ಬಂದವರು ಹೆಚ್ಚೆಂದು ನನಗೆ ಗೊತ್ತು, ಅದರಿಂದ ಬೇಸರವಿಲ್ಲ. ಹೆಂಗಸರಿಗೆ ಮುಂದಿನ ಸಾಲು ಕಾದಿರಿಸಿದೆ.

ಬರುವ ಶನಿವಾರ ತೋರಿಸುವುದು ನಮ್ಮ ಊರಿನಲ್ಲಿಯೇ, ಶಾಲಾ ಮಾಸ್ತರರ ಫೋನಿನಲ್ಲಿ ತೆಗೆದ ಮೂರು ನಿಮಿಷದ ವಿಡಿಯೋ. ತೊಗರಿ ಕಳೆದುಕೊಂಡ ಆ ರೈತರೇ ಅದರಲ್ಲಿ ಮಾತನಾಡಿದ್ದಾರೆ. ಈ ವರ್ಷ ಅಕ್ಕಡಿ ಸಾಲಿನ ಕಳೆಯನ್ನು ಅವರು ಹೇಗೆ ತಡೆದರೆಂಬುದನ್ನು, ಡಬ್ಬಿಯ ಮೇಲಿನ ಬರಹದ ಸಮೇತ ತೋರಿಸುತ್ತಾರೆ. ಕ್ಯಾಮೆರಾ ಮುಂದೆ ಅವರಿಗೆ ಸ್ವಲ್ಪ ನಾಚಿಕೆ, ಎರಡು ಸಲ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾರೆ. ವಿಡಿಯೋ ಮುಗಿದ ಮೇಲೆ ಅವರೂ ಅಲ್ಲಿಯೇ ಇರುತ್ತಾರೆ, ಕೇಳಬೇಕಾದ್ದನ್ನು ಅವರನ್ನೇ ಕೇಳಬಹುದು.